ಉಬ್ಬಿದ ರಸ್ತೆ, ತಗ್ಗಿದ ಕಾರು

ರಸ್ತೆಗೆ ಅಡ್ಡಲಾಗಿ ದಿಣ್ಣೆ ಕಟ್ಟಿ ವಾಹನಗಳ ವೇಗವನ್ನು ಕುಗ್ಗಿಸುವ ಏರ್ಪಾಡಿಗೆ ಕನ್ನಡದಲ್ಲಿ ಒಂದು ನಿಶ್ಚಿತವಾದ ಹೆಸರು ಇನ್ನೂ ನೆಲೆಗೊಂಡಂತಿಲ್ಲ. ಸಂಚಾರ ಫಲಕಗಳು ‘ರಸ್ತೆ ಉಬ್ಬು’ ಎನ್ನುತ್ತವೆ. ‘ವೇಗತಡೆ’ ಎಂದು ಬರೆಯುವವರೂ ಇದ್ದಾರೆ. ಜನರ ಬಾಯಲ್ಲಿ ಮಾತ್ರ ಅದು ಹಂಪ್. ವಚನದ ಹಂಗಿಲ್ಲದೆ, ಒಂದೇ ಒಂದಿದ್ದರೂ ಹಂಪ್ಸು! ದಿನಪತ್ರಿಕೆಗಳಲ್ಲಂತೂ ‘ಅವೈಜ್ಞಾನಿಕ’ ಎಂಬ ವಿಶೇಷಣದ ಸಂಗವಿಲ್ಲದೆ ಈ ಪದವು ಕಾಣಿಸಿಕೊಳ್ಳುವುದೇ ಅಪರೂಪ. ‘ಅವೈಜ್ಞಾನಿಕ ಹಂಪ್: ಸವಾರರ ಪರದಾಟ’ ಎಂಬ ತಲೆಬರಹವನ್ನು ಓದದ ಕನ್ನಡಿಗನಿರಲಾರ. ಜೀವಮಾನವಿಡೀ ಗಣಿತ ವಿಜ್ಞಾನಗಳನ್ನು ಹೇಳಿಕೊಟ್ಟವನನ್ನು ಆ ವಿಶೇಷಣವು ಕೆಣಕದೆ ಬಿಟ್ಟೀತೆ? ಅವೈಜ್ಞಾನಿಕವಾದದ್ದು ಒಂದಿದೆಯೆಂದ ಮೇಲೆ ವೈಜ್ಞಾನಿಕವಾದದ್ದೂ ಒಂದಿರಲೇಬೇಕಷ್ಟೆ.

ಅದು ಯಾವುದೆಂದು ಹುಡುಕುವ ಪ್ರಸಂಗವು ಒದಗಿದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೆಸೆಯಿಂದ. ಹೆಸರು ಹೇಳುವುದಿಲ್ಲ. ಬೀಜಗಣಿತದ ನೋಟ್‌ಪುಸ್ತಕದ ಹಿಂಬದಿಯ ಹಾಳೆಗಳಲ್ಲೆಲ್ಲ ಕಾರುಗಳ ಚಿತ್ರ ಬಿಡಿಸುತ್ತಿದ್ದವನು ಎಂದರೆ ಅವನ ಸಹಪಾಠಿಗಳಿಗೆ ಸಾಕು, ಗುರುತು ಸಿಕ್ಕಿಬಿಡುತ್ತದೆ. ಈಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ವರ್ಷಕ್ಕೆ ಎರಡು ಮೂರು ಬಾರಿ ನನ್ನನ್ನು ನೋಡಲು ಬರುತ್ತಾನೆ. ಬಂದಾಗಲೆಲ್ಲ ಕಾರನ್ನು ಮುಖ್ಯರಸ್ತೆಯ ದೇವಸ್ಥಾನದ ಬಳಿ ನಿಲ್ಲಿಸಿ, ಹಣ್ಣಿನ ಚೀಲ ಹಿಡಿದುಕೊಂಡು ಮುನ್ನೂರು ಮೀಟರು ನಡೆದೇ ಬರುತ್ತಿದ್ದ. ಗುರುವಿನ ಮನೆಗೆ ಕಾಲ್ನಡಿಗೆಯಲ್ಲಿಯೇ ಬರಬೇಕೆಂಬ ಶಿಷ್ಟಾಚಾರವನ್ನು ಪಾಲಿಸುತ್ತಿದ್ದಾನೆಂದು ನನ್ನ ಪತ್ನಿ ಮೆಚ್ಚಿಕೊಂಡಳು. ನಿಜಾಂಶವು ಬೇರೆಯೇ ಆಗಿತ್ತು. ನಮ್ಮ ಅಡ್ಡರಸ್ತೆಯ ಮೊದಲಿಗೇ ಇದ್ದ ಹಂಪನ್ನು ಅವನ ಕಾರು ದಾಟುತ್ತಿರಲಿಲ್ಲ.

ಅವನದು ತಗ್ಗಿಸಿದ ಕಾರು. ಕಂಪನಿಯವರು ಕೊಟ್ಟ ಸ್ಪ್ರಿಂಗುಗಳನ್ನು ಕಳಚಿಸಿ, ಅವುಗಳಿಗಿಂತ ಗಿಡ್ಡವಾದ, ಗಡುಸಾದ ಬೇರೆ ಸ್ಪ್ರಿಂಗುಗಳನ್ನು ಹಾಕಿಸಿಕೊಂಡಿದ್ದ. ಅದರಿಂದಾಗಿ ಕಾರಿನ ಒಡಲು ನೆಲಕ್ಕೆ ನಾಲ್ಕು ಸೆಂಟಿಮೀಟರಿನಷ್ಟು ಹತ್ತಿರವಾಗಿತ್ತು. ‘ಯಾಕಪ್ಪಾ ಈ ಹುಚ್ಚು?’ ಎಂದು ಕೇಳಿದೆ. ‘ಸರ್, ನೀವೇ ಹೇಳಿಕೊಟ್ಟದ್ದಲ್ಲವೆ? ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ವಸ್ತುವಿನ ಸ್ಥಿರತೆ ಹೆಚ್ಚು’ ಎಂದ! ತಂಜಾವೂರಿನ ತಲೆದೂಗುವ ಗೊಂಬೆಯನ್ನು ಮೇಜಿನ ಮೇಲಿಟ್ಟು, ಎಷ್ಟು ಬೀಳಿಸಿದರೂ ಅದು ಎದ್ದು ನಿಲ್ಲುವುದನ್ನು ತರಗತಿಗೆ ತೋರಿಸುತ್ತಿದ್ದೆನಲ್ಲ, ಅದರ ಪ್ರಯೋಜನ ಹೀಗಾಯಿತು. ಅವನ ಮಾತು ಸುಳ್ಳೇನೂ ಅಲ್ಲ. ತಿರುವಿನಲ್ಲಿ ಎತ್ತರದ ವಾಹನವು ಹೊರಮಗ್ಗುಲಿಗೆ ವಾಲುತ್ತದೆ. ತಗ್ಗಿನ ವಾಹನವು ರಸ್ತೆಯನ್ನು ಕಚ್ಚಿ ಹಿಡಿದು ಸಾಗುತ್ತದೆ. ಪಂದ್ಯದ ಕಾರುಗಳೆಲ್ಲ ನೆಲಕ್ಕೆ ಅಂಟಿಕೊಂಡಿರುವುದು ಈ ಕಾರಣಕ್ಕೇ. ಆದರೆ ಪಂದ್ಯದ ಹಾದಿಯಲ್ಲಿ ಹಂಪುಗಳಿಲ್ಲ, ಅಗೆದು ಅರ್ಧ ಮುಚ್ಚಿದ ನಲ್ಲಿಯ ಕಣಿಗಳಿಲ್ಲ, ಮಲಗಿದ ದನಗಳಿಲ್ಲ. ಇನ್ನೊಂದು ಕಾರಣವನ್ನು ಅವನು ಸಂಕೋಚದಿಂದ ಕೊನೆಗೆ ಹೇಳಿದ: ‘ನೋಡಲಿಕ್ಕೆ ಚೆನ್ನಾಗಿರುತ್ತದೆ ಸರ್.’ ಇದೇ ಮೊದಲನೆಯ ಕಾರಣವೆಂದು ನನ್ನ ಗುಮಾನಿ.

ನಮ್ಮ ಕಾಲದ ಅಂಬಾಸಿಡರ್ ಕಾರನ್ನು ನೆನೆಯಬೇಕು. 2014ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ಮದುವೆಯ ದಿಬ್ಬಣದಲ್ಲಿ ಹತ್ತು ಜನರನ್ನು ತುಂಬಿಕೊಂಡು, ಹೊಲದ ಬದುವನ್ನೂ ದಾಟಿಕೊಂಡು ಬರುತ್ತಿದ್ದ ಆ ಗಜಗಾತ್ರಕ್ಕೆ ಹಂಪಿನ ಭಯವೆಲ್ಲಿತ್ತು? ಇರಲಿ. ಹೇಳಹೊರಟದ್ದು ಅದಲ್ಲ.

ತಗ್ಗಿದ ಕಾರನ್ನು ಹಂಪಿನ ಮೇಲೆ ದಾಟಿಸುವುದು ಒಂದು ವಿದ್ಯೆಯೇ ಸರಿ. ಅವನು ಅದನ್ನು ಒಂದು ಭಾನುವಾರ ನನಗೆ ಸವಿಸ್ತಾರವಾಗಿ ವಿವರಿಸಿದ. ನೇರವಾಗಿ ನುಗ್ಗಬಾರದು, ಓರೆಯಾಗಿ, ಒಂದೊಂದೇ ಚಕ್ರವು ಏರುವಂತೆ ಹೋಗಬೇಕು. ಹಂಪಿನ ಮೇಲೆ ಎಂದಿಗೂ ಬ್ರೇಕು ಒತ್ತಬಾರದು. ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಸರಿದು ಕಾರಿನ ಮೂತಿ ಇನ್ನಷ್ಟು ಬಾಗುತ್ತದೆ. ಎಂದರೆ ಎಲ್ಲಿ ತಲೆಯೆತ್ತಬೇಕೋ ಅಲ್ಲಿಯೇ ತಲೆತಗ್ಗಿಸಿದಂತಾಗುತ್ತದೆ. ಆದ್ದರಿಂದ ಹಂಪಿಗೆ ಮೊದಲೇ ನಿಲ್ಲುವಷ್ಟು ನಿಧಾನಿಸಿ, ಬ್ರೇಕನ್ನು ಬಿಟ್ಟು, ಉರುಳುತ್ತ ಏರಬೇಕು. ಇವೆಲ್ಲವೂ ಫಲಿಸದಿದ್ದಲ್ಲಿ ಉಳಿಯುವುದು ಒಂದೇ ಉಪಾಯ, ಒಳಗಿದ್ದವರನ್ನು ಕೆಳಗಿಳಿಸುವುದು. ಅವನ ಪತ್ನಿಗೂ ಇಬ್ಬರು ಮಕ್ಕಳಿಗೂ ಇದು ಎಷ್ಟು ರೂಢಿಯಾಗಿದೆಯೆಂದರೆ, ದೂರದಲ್ಲಿ ಹಂಪು ಕಂಡೊಡನೆ ಹೇಳದೆಯೇ ಚಪ್ಪಲಿ ಮೆಟ್ಟಿಕೊಳ್ಳುತ್ತಾರಂತೆ. ನೋಡಿದವರು ಕಾರು ಕೆಟ್ಟಿದೆಯೆಂದು ತಿಳಿದು ತಳ್ಳಲು ಓಡಿಬರುತ್ತಾರೆ. ಬೇಡವೆಂದರೆ ಬೇಸರಪಟ್ಟುಕೊಳ್ಳುತ್ತಾರೆ. ಒಮ್ಮೆ ಹಾಸನದ ಕಡೆಯ ಹಳ್ಳಿಯೊಂದರಲ್ಲಿ ನಾಲ್ಕು ಜನ ಗಟ್ಟಿಗರು ಕಾರನ್ನು ತಳ್ಳಿಯೇ ತಳ್ಳಿ, ಅದರ ಹೊಟ್ಟೆ ಹಂಪಿನ ಮೇಲೆ ಕುಳಿತು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಿತಂತೆ. ಆಮೇಲೆ ಅದೇ ನಾಲ್ವರು ಎತ್ತಿಯೇ ದಾಟಿಸಿದರಂತೆ. ಉಪಕಾರಕ್ಕೆ ನಮ್ಮ ಹಳ್ಳಿಗಳಲ್ಲಿ ಬರವಿಲ್ಲ.

2023ರ ಮಾರ್ಚಿನಲ್ಲಿ ಬೆಂಗಳೂರು ಮೈಸೂರು ನಡುವಿನ ಹೊಸ ಹೆದ್ದಾರಿಯು ಉದ್ಘಾಟನೆಗೊಳ್ಳುವುದಕ್ಕೆ ಮುಂಚೆ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಒಡಲೊಳಗೇ ಹಾದುಹೋಗಬೇಕಿತ್ತು. ಯಾವ ಊರಿನ ಯಾವ ಶಾಲೆಯ ಮುಂದೆ ಎಂಥ ಹಂಪಿದೆ, ಯಾವುದನ್ನು ಎಡಮಗ್ಗುಲಿನಿಂದ ದಾಟಬೇಕು, ಯಾವುದರ ಬಣ್ಣ ಅಳಿಸಿಹೋಗಿದೆ ಎಂಬುದನ್ನೆಲ್ಲ ಅವನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದ. ಹಡಗಿನವರು ಸಮುದ್ರದೊಳಗಿನ ಬಂಡೆಗಳ ನಕ್ಷೆ ಇಟ್ಟುಕೊಂಡಂತೆ! ಬೀಜಗಣಿತಕ್ಕೆ ಈ ಶ್ರದ್ಧೆಯ ಕಾಲುಭಾಗವನ್ನು ತೋರಿಸಿದ್ದರೆ... ಇರಲಿ, ಪಾಸಾದನಲ್ಲ, ಸಾಕು.

ಕಾಯಿದೆಯ ಮಾತನ್ನೂ ಅವನಿಗೆ ಹೇಳದೆ ಬಿಡಲಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು, ತಯಾರಕರು ಮೂಲದಲ್ಲಿ ನಿರ್ದಿಷ್ಟಪಡಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎತ್ತಿಹಿಡಿಯಿತು. ‘ಗೊತ್ತು ಸರ್’ ಎಂದು ನಕ್ಕ. ಹದಿನೈದು ವರ್ಷದವನಿದ್ದಾಗ ಮನೆಗೆಲಸ ತಾರದೆ ನಗುತ್ತಿದ್ದ ನಗೆಯೇ. ಇನ್ನೊಂದು ಅಪಾಯವನ್ನೂ ಹೇಳಿದೆ. ನಮ್ಮ ಬಯಲುಸೀಮೆಯ ರೈತರು ಸುಗ್ಗಿಯಲ್ಲಿ ಹುರುಳಿಯನ್ನು ರಸ್ತೆಯ ಮೇಲೆಯೇ ಹರಡಿ, ಹೋಗಿಬರುವ ವಾಹನಗಳಿಂದ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಒಣಗಿದ ಹುರುಳಿಬಳ್ಳಿಯು ಕಾರಿನ ಅಡಿಭಾಗಕ್ಕೆ ಸುತ್ತಿಕೊಂಡು, ಹೊಗೆಕೊಳವೆಯ ಬಿಸಿಗೆ ಹೊತ್ತಿಕೊಂಡು, ಕಾರುಗಳು ಸುಟ್ಟುಹೋದ ಸುದ್ದಿಗಳನ್ನು ಆಗಾಗ ಓದುತ್ತೇವೆ. ಒಡಲು ನೆಲಕ್ಕೆ ಹತ್ತಿರವಾದಷ್ಟೂ ಆ ಭಯ ಹೆಚ್ಚು. ಇದಕ್ಕೆ ಮಾತ್ರ ಅವನು ನಗಲಿಲ್ಲ. ಹುರುಳಿ ಹರಡಿದ ರಸ್ತೆಯಾದರೆ ಹಿಂದಿರುಗಿಬಿಡುತ್ತೇನೆ ಎಂದ.

ಇಷ್ಟೇ ಆಗಿದ್ದರೆ ನಾನು ಈ ವಿಷಯವಾಗಿ ಬರೆಯುತ್ತಿರಲಿಲ್ಲ. ಒಬ್ಬನ ಷೋಕಿಗಾಗಿ ಬೀದಿಯ ಹಂಪನ್ನು ತಗ್ಗಿಸಬೇಕೆನ್ನುವುದು ನ್ಯಾಯವೂ ಅಲ್ಲ. ಆದರೆ ನಮ್ಮ ಬೀದಿಯ ಹಂಪಿಗೆ ಅದರದೇ ಆದ ಒಂದು ಚರಿತ್ರೆಯಿತ್ತು.

ಕೆಲವು ವರ್ಷಗಳ ಹಿಂದೆ ಒಳಚರಂಡಿಯ ಕಾಮಗಾರಿಗಾಗಿ ಮುಖ್ಯರಸ್ತೆಯನ್ನು ಅಗೆದಾಗ, ವಾಹನಗಳೆಲ್ಲ ನಮ್ಮ ಅಡ್ಡರಸ್ತೆಗೆ ನುಗ್ಗಿದವು. ಮನೆಯ ಮುಂದೆ ರಂಗೋಲಿ ಹಾಕಲೂ ಹೆದರಬೇಕಾಯಿತು. ಒಂದು ಸಂಜೆ ಎಂಟು ವರ್ಷದ ಹುಡುಗನೊಬ್ಬನು ಚೆಂಡಿನ ಹಿಂದೆ ಗೇಟಿನಿಂದ ಹೊರಗೋಡಿದಾಗ ಮೋಟಾರ್ ಸೈಕಲ್ಲೊಂದು ಬಡಿಯಿತು. ತೊಡೆಯ ಮೂಳೆ ಮುರಿಯಿತು. ಮೂರು ತಿಂಗಳು ಮಂಚದ ಮೇಲೆ. ನಾನು ದಿನಕ್ಕೊಂದು ತಾಸು ಅವನ ಮಂಚದ ಬಳಿ ಕುಳಿತು ಭಿನ್ನರಾಶಿಗಳನ್ನು ಹೇಳಿಕೊಡುತ್ತಿದ್ದೆ. ‘ತಾತಾ, ನನ್ನ ಕಾಲಿನ ಮೂಳೆ ಈಗ ಮುಕ್ಕಾಲು ಭಾಗ ಕೂಡಿದೆಯಾ, ಅರ್ಧ ಕೂಡಿದೆಯಾ?’ ಎಂದು ಕೇಳುತ್ತಿದ್ದ.

ಅಪಘಾತವಾದ ಮೂರನೆಯ ರಾತ್ರಿ ಬೀದಿಯವರೆಲ್ಲ ಸೇರಿ ಹಂಪು ಕಟ್ಟಿದರು. ಎದುರಿನ ನಿವೇಶನದಲ್ಲಿ ಮನೆ ಏಳುತ್ತಿತ್ತು. ಉಳಿದ ಜಲ್ಲಿ, ಮರಳು, ಸಿಮೆಂಟು ಇದ್ದವು. ಯಾರ ಅನುಮತಿಯನ್ನೂ ಕೇಳಲಿಲ್ಲ, ಅಳತೆಯನ್ನೂ ನೋಡಲಿಲ್ಲ. ಕೋಪವೂ ದುಃಖವೂ ಎಷ್ಟು ಎತ್ತರವಿದ್ದವೋ ಹಂಪೂ ಅಷ್ಟೇ ಎತ್ತರವಾಯಿತು. ನಾನು ಅವರನ್ನು ತೆಗಳಲಾರೆ. ಆ ತಾಯಿಯ ಮುಖವನ್ನು ಕಂಡವರು ಯಾರೂ ತೆಗಳಲಾರರು. ವಾಹನಗಳ ವೇಗವು ನಿಜವಾಗಿಯೂ ತಗ್ಗಿತು. ಮುಖ್ಯರಸ್ತೆ ಸರಿಹೋದ ಮೇಲೂ ಹಂಪು ಉಳಿಯಿತು.

ಮರುವರ್ಷದ ಮಳೆಗಾಲದಲ್ಲಿ, ವಿದ್ಯುತ್ತಿಲ್ಲದ ಒಂದು ರಾತ್ರಿ, ನಮ್ಮ ಬೀದಿಯವರೇ ಆದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಔಷಧಿ ತರಲು ಹೋಗಿ ಹಿಂದಿರುಗುವಾಗ ಅದೇ ಹಂಪಿನ ಮೇಲೆ ಸ್ಕೂಟರಿನಿಂದ ಬಿದ್ದರು. ಹಂಪಿಗೆ ಬಣ್ಣವಿರಲಿಲ್ಲ, ಮೊದಲೇ ಎಚ್ಚರಿಸುವ ಫಲಕವೂ ಇರಲಿಲ್ಲ. ಹಂಪು ಅಲ್ಲಿದೆಯೆಂದು ಅವರಿಗೆ ತಿಳಿದೇ ಇತ್ತು. ಆದರೂ ಸುರಿಯುವ ಮಳೆಯಲ್ಲಿ, ಎದುರು ಬಂದ ದೀಪದ ಬೆಳಕಿನಲ್ಲಿ, ಅಂದಾಜು ಒಂದು ಮಾರು ತಪ್ಪಿತು. ಕೊರಳೆಲುಬು ಮುರಿಯಿತು. ಅವರ ಮಗಳು ಮರುದಿನವೇ ಹಾರೆ ತರಿಸಿದಳು. ಹುಡುಗನ ತಾಯಿ ಹಂಪಿನ ಮೇಲೆ ಬಂದು ನಿಂತಳು. ‘ನನ್ನ ಮಗ ಕುಂಟುತ್ತಿರುವಾಗ ಇದನ್ನು ಒಡೆಯಲು ಬಂದಿದ್ದೀರಲ್ಲ’ ಎಂದು ಇವಳು, ‘ನಮ್ಮಪ್ಪ ಸತ್ತಿದ್ದರೆ?’ ಎಂದು ಅವಳು. ಹಾರೆಯು ಹಿಂದಿರುಗಿತು. ಆದರೆ ಎದುರುಬದುರಿನ ಆ ಎರಡು ಮನೆಗಳ ನಡುವೆ ಮಾತು ನಿಂತಿತು. ಇಪ್ಪತ್ತು ವರ್ಷಗಳಿಂದ ತಪ್ಪದೆ ನಡೆದುಬಂದಿದ್ದ ಸಂಕ್ರಾಂತಿಯ ಎಳ್ಳುಬೆಲ್ಲವು ಆ ವರ್ಷ ರಸ್ತೆ ದಾಟಲಿಲ್ಲ. ಇಬ್ಬರೂ ನಮ್ಮ ಮನೆಗೆ ಬಂದು ಎಳ್ಳು ಬೀರಿ ಹೋದರು, ಒಬ್ಬರು ಹೋದ ಮೇಲೆ ಇನ್ನೊಬ್ಬರು.

ನನ್ನ ವಿದ್ಯಾರ್ಥಿಯು ಕಾರನ್ನು ದೇವಸ್ಥಾನದ ಬಳಿ ನಿಲ್ಲಿಸುವ ಗುಟ್ಟನ್ನು ಹೇಳಿದ್ದು ಇಂಥ ದಿನಗಳಲ್ಲಿ. ನಾವಿಬ್ಬರೂ ಮನೆಯಲ್ಲಿದ್ದ ಮರದ ಅಳತೆಪಟ್ಟಿಯನ್ನು ಹಿಡಿದು ಹೊರಟೆವು. ಹಂಪಿನ ಎತ್ತರ 15 ಸೆಂಟಿಮೀಟರು, ಅಗಲ ಒಂದೂವರೆ ಅಡಿ. ಅದು ಉಬ್ಬಲ್ಲ, ಮೋಟುಗೋಡೆ. ಅವನ ಕಾರಿನ ಹೊಟ್ಟೆಗೂ ನೆಲಕ್ಕೂ ಇದ್ದ ಅಂತರ 12 ಸೆಂಟಿಮೀಟರು. ಮೂಲದಲ್ಲಿ ಅದು 16 ಇತ್ತು. ಆಗ ಅವನೊಂದು ಮಾತು ಹೇಳಿದ. ನನ್ನ ಕಣ್ಣು ತೆರೆಸಿದ ಮಾತು. ‘ಸರ್, ನನ್ನ ಕಾರಿನ ವಿಷಯ ಬಿಡಿ. ಮಾಮೂಲಿ ಕಾರಿನಲ್ಲಿ ಐದು ಜನ ಕೂತು, ಹಿಂದೆ ಸಾಮಾನು ತುಂಬಿದರೆ ಅದೂ ಮೂರು ನಾಲ್ಕು ಸೆಂಟಿಮೀಟರ್ ಕುಗ್ಗುತ್ತದೆ.’ ನಿಜವಲ್ಲವೆ! ಮದುವೆಗೆಂದು ತುಂಬುಸಂಸಾರವನ್ನು ಹೊತ್ತು ಹೊರಟ ಕಾರೂ ತಗ್ಗಿದ ಕಾರೇ. ಬೆನ್ನುಮೂಳೆಯ ರೋಗಿಯನ್ನು ಮಲಗಿಸಿಕೊಂಡ ಆಂಬುಲೆನ್ಸು, ತುಂಬುಗರ್ಭಿಣಿಯನ್ನು ಕುಳ್ಳಿರಿಸಿಕೊಂಡ ಆಟೋ, ಇವುಗಳ ತಳ ತಗಲದಿದ್ದರೂ ಒಳಗಿದ್ದವರಿಗೆ ತಗಲುವುದು ತಪ್ಪುವುದಿಲ್ಲ.

ಇನ್ನು ವೈಜ್ಞಾನಿಕವಾದ ಹಂಪು ಯಾವುದು? ಹುಡುಕಿದೆ. ವಾಹನಗಳನ್ನು ನಿಧಾನಿಸಲೆಂದು ರಸ್ತೆಯನ್ನು ಎತ್ತರಿಸುವ ಯೋಚನೆಯು ಕಾರಿನಷ್ಟೇ ಹಳೆಯದು. 1906ರಲ್ಲೇ ಅಮೆರಿಕದ ನ್ಯೂಜೆರ್ಸಿಯ ಚಾಥಮ್ ಎಂಬ ಊರಿನವರು ಪಾದಚಾರಿಗಳು ದಾಟುವ ಜಾಗಗಳನ್ನು ರಸ್ತೆಗಿಂತ ಐದು ಅಂಗುಲ ಎತ್ತರಿಸಿದ್ದರಂತೆ. ಆದರೆ ಅದನ್ನು ಭೌತವಿಜ್ಞಾನದ ಸಮಸ್ಯೆಯಾಗಿ ನೋಡಿದವರು ಯಾರು ಬಲ್ಲಿರೇನು? ಆರ್ಥರ್ ಕಾಂಪ್ಟನ್! ಎಕ್ಸ್-ಕಿರಣಗಳ ಚದುರುವಿಕೆಯ ಸಂಶೋಧನೆಗಾಗಿ 1927ರಲ್ಲಿ ನೊಬೆಲ್ ಪಾರಿತೋಷಕ ಪಡೆದ, ನಮ್ಮ ರಾಮನ್ನರು ತಮ್ಮ ಸಂಶೋಧನೆಯ ಕಾಲದಲ್ಲಿ ಕಣ್ಣ ಮುಂದಿಟ್ಟುಕೊಂಡಿದ್ದ ‘ಕಾಂಪ್ಟನ್ ಪರಿಣಾಮ’ದ ಅದೇ ಕಾಂಪ್ಟನ್ನರು. ಸೇಂಟ್ ಲೂಯಿಸ್ ನಗರದ ವಾಷಿಂಗ್‌ಟನ್ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿದ್ದ ಅವರು, ತಮ್ಮ ಕಟ್ಟಡದ ಮುಂದಿನ ರಸ್ತೆಯಲ್ಲಿ ಕಾರುಗಳು ಧಾವಿಸುವುದನ್ನು ಕಂಡು 1953ರಲ್ಲಿ ಲೆಕ್ಕಹಾಕಿ ಒಂದು ಉಬ್ಬನ್ನು ರೂಪಿಸಿದರು. ಪರಮಾಣುವನ್ನು ಕಂಡವರಿಗೂ ಬೀದಿಯ ಕಾಟ ತಪ್ಪಲಿಲ್ಲವೆಂದು ನನಗೊಂದು ಬಗೆಯ ಸಮಾಧಾನ.

1970ರ ದಶಕದ ಮೊದಲಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾಲಯದಲ್ಲಿ ವಾಟ್ಸ್ ಎಂಬುವರು ಬಗೆಬಗೆಯ ಉಬ್ಬುಗಳನ್ನು ಕಟ್ಟಿಸಿ, ಅವುಗಳ ಮೇಲೆ ಬಗೆಬಗೆಯ ವಾಹನಗಳನ್ನು ಓಡಿಸಿ ನೋಡಿದರು. ಕಿರಿದಾಗಿ ಎತ್ತರವಾಗಿರುವ ದಿಣ್ಣೆಯು ಮೆಲ್ಲಗೆ ಹೋಗುವವನನ್ನು ಕುಕ್ಕುತ್ತದೆ. ವೇಗವಾಗಿ ಹಾರಿಸುವವನ ಆಘಾತವನ್ನು ಸ್ಪ್ರಿಂಗುಗಳೇ ನುಂಗಿಬಿಡುತ್ತವೆ. ಎಂದರೆ ಸಜ್ಜನನಿಗೆ ಶಿಕ್ಷೆ, ದುಡುಕನಿಗೆ ರಿಯಾಯಿತಿ! ಹನ್ನೆರಡು ಅಡಿ ಉದ್ದವಾಗಿ, ನಾಲ್ಕು ಅಂಗುಲ ಎತ್ತರವಾಗಿ, ಕಮಾನಿನಂತೆ ಬಾಗಿದ ಉಬ್ಬಾದರೆ ಅದು ತಿರುಗುಮುರುಗಾಗುತ್ತದೆ. ನಮ್ಮ ದೇಶದ ರಸ್ತೆಗಳಿಗೆ ಮಾನದಂಡಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯು 1988ರಲ್ಲಿ ಪ್ರಕಟಿಸಿದ 99ನೆಯ ಸಂಖ್ಯೆಯ ಮಾರ್ಗಸೂಚಿಯಲ್ಲಿ ಹೆಚ್ಚು ಕಡಿಮೆ ಅದೇ ಆಕಾರವಿದೆ: ತ್ರಿಜ್ಯ 17 ಮೀಟರು, ರಸ್ತೆಯುದ್ದಕ್ಕೆ ಅಳೆದರೆ ಅಗಲ 3.7 ಮೀಟರು, ನಡುವಿನ ಎತ್ತರ 10 ಸೆಂಟಿಮೀಟರು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವುದಕ್ಕೆಂದು ಇದು. 40 ಮೀಟರ್ ಮೊದಲೇ ಎಚ್ಚರಿಕೆಯ ಫಲಕವಿರಬೇಕು. ಕಪ್ಪು ಬಿಳಿ ಪಟ್ಟೆಗಳಿರಬೇಕು.

ನನ್ನ ತರಗತಿಯಲ್ಲಿ ಕುಳಿತವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವೃತ್ತದೊಳಗೆ ಎರಡು ಜ್ಯಾಗಳು ಪರಸ್ಪರ ಛೇದಿಸಿದಾಗ ಅವುಗಳ ಖಂಡಗಳ ಗುಣಲಬ್ಧಗಳು ಸಮ. ಈ ಪ್ರಮೇಯವನ್ನು ಬಾಯಿಪಾಠ ಮಾಡಿಸಿದ್ದು ನೆನಪಿದೆಯೆ? ‘ಇದರಿಂದ ಜೀವನದಲ್ಲಿ ಏನು ಉಪಯೋಗ ಸರ್?’ ಎಂದು ಪ್ರತಿವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದಿರಿ. ತಡವಾಗಿಯಾದರೂ ಉತ್ತರ ಕೊಡುತ್ತಿದ್ದೇನೆ. ಉಬ್ಬಿನ ಅಗಲವೇ ಜ್ಯಾ. ಅದರ ಅರ್ಧ 1.85. ಅದರ ವರ್ಗ 3.4225. ವ್ಯಾಸವು 34. ಎತ್ತರವು ವ್ಯಾಸದ ಮುಂದೆ ಅತ್ಯಲ್ಪವಾದ್ದರಿಂದ ಭಾಗಿಸಿಬಿಡಿ: 0.1007. ಮಾರ್ಗಸೂಚಿಯವರು ಹೇಳಿದ ಹತ್ತು ಸೆಂಟಿಮೀಟರಿಗೆ ಕೂದಲೆಳೆಯ ವ್ಯತ್ಯಾಸ!

ತಗ್ಗಿದ ಕಾರಿನ ಗುಟ್ಟೂ ಇದೇ ಲೆಕ್ಕದಲ್ಲಿದೆ. ಕಾರಿನ ಮುಂದಿನ ಹಿಂದಿನ ಚಕ್ರಗಳ ನಡುವಣ ದೂರ ಸುಮಾರು ಎರಡೂವರೆ ಮೀಟರು. ನಮ್ಮ ಬೀದಿಯ ಮೋಟುಗೋಡೆಯ ಮೇಲೆ ಹೋಗುವಾಗ ನಾಲ್ಕು ಚಕ್ರಗಳೂ ನೆಲದ ಮೇಲಿದ್ದು ಗೋಡೆಯು ಹೊಟ್ಟೆಯ ಕೆಳಗೆ ಬರುತ್ತದೆ. ಆಗ 15 ಸೆಂಟಿಮೀಟರಿಗೆ 15 ಸೆಂಟಿಮೀಟರೂ ಬೇಕು. ಮಾರ್ಗಸೂಚಿಯ ಉಬ್ಬಾದರೋ ಕಾರಿನ ಚಕ್ರಾಂತರಕ್ಕಿಂತ ಉದ್ದ. ಹೊಟ್ಟೆಯು ಉಬ್ಬಿನ ನೆತ್ತಿಯ ಮೇಲಿರುವಾಗ ಚಕ್ರಗಳೂ ಉಬ್ಬಿನ ಇಳಿಜಾರುಗಳ ಮೇಲೆಯೇ ಇರುತ್ತವೆ, ಕಾರೇ ಮೇಲೆದ್ದಿರುತ್ತದೆ. ಈಗ ಜ್ಯಾ 2.5, ಅರ್ಧ 1.25, ವರ್ಗ 1.5625, 34ರಿಂದ ಭಾಗಿಸಿದರೆ 0.046. ಹೊಟ್ಟೆಯ ಕೆಳಗೆ ಬೇಕಾದದ್ದು ಐದು ಸೆಂಟಿಮೀಟರಿಗಿಂತಲೂ ಕಡಿಮೆ! 12 ಸೆಂಟಿಮೀಟರಿನ ಕಾರು ಏಳು ಸೆಂಟಿಮೀಟರನ್ನು ಉಳಿಸಿಕೊಂಡು ದಾಟಿಹೋಗುತ್ತದೆ.

ಹಾಗಾದರೆ ಎಲ್ಲರೂ ಓಡಿಸಿಕೊಂಡೇ ಹೋಗುವರಲ್ಲ, ಮಕ್ಕಳ ಗತಿಯೇನು? ಇದು ಹುಡುಗನ ತಾಯಿಯ ಪ್ರಶ್ನೆ. ಕೇಳಲೇಬೇಕಾದ ಪ್ರಶ್ನೆ. ವಕ್ರಪಥದ ಮೇಲೆ ಚಲಿಸುವ ವಸ್ತುವಿನ ವೇಗೋತ್ಕರ್ಷವು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಗಂಟೆಗೆ 25 ಕಿಲೋಮೀಟರೆಂದರೆ ಸೆಕೆಂಡಿಗೆ ಸುಮಾರು 7 ಮೀಟರು. ಲೆಕ್ಕವು ಗುರುತ್ವ ವೇಗೋತ್ಕರ್ಷದ ಮೂರನೆಯ ಒಂದಂಶವನ್ನೂ ಮುಟ್ಟುವುದಿಲ್ಲ, ತೊಟ್ಟಿಲು ತೂಗಿದಂತೆ. ಗಂಟೆಗೆ 46 ಕಿಲೋಮೀಟರ್ ಸಮೀಪಿಸಿದಾಗ ಅದು ಗುರುತ್ವ ವೇಗೋತ್ಕರ್ಷಕ್ಕೆ ಸಮನಾಗುತ್ತದೆ. ಎಂದರೆ ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಬಂದವನನ್ನು ರಸ್ತೆಯು ಹಿಡಿದಿಟ್ಟುಕೊಳ್ಳಲಾರದು, ಮೇಲಕ್ಕೆ ಎಸೆಯುತ್ತದೆ. ವೇಗ ಇಮ್ಮಡಿಯಾದರೆ ದಂಡ ನಾಲ್ಮಡಿ.

ಇದನ್ನೆಲ್ಲ ಚಿತ್ರಸಹಿತ ಎರಡು ಹಾಳೆಗಳಲ್ಲಿ ಬರೆದು ಎರಡೂ ಮನೆಗಳಿಗೆ ಒಯ್ದೆ. ಲೆಕ್ಕವನ್ನು ತೋರಿಸಿದರೆ ಜನರ ಮನಸ್ಸು ಬದಲಾಗುತ್ತದೆಂಬ ಭ್ರಮೆ ನನಗಿಲ್ಲ. ಅಷ್ಟು ವರ್ಷ ಲೆಕ್ಕ ತೋರಿಸಿದ್ದೇನೆ. ಬ್ಯಾಂಕಿನವರು ಕೂಡಲೇ ಒಪ್ಪಿದರು, ಅಂಕಿಗಳೊಂದಿಗೆ ಬಾಳಿದವರು. ತಾಯಿ ಒಪ್ಪಲಿಲ್ಲ. ‘ನಿಮ್ಮ ಲೆಕ್ಕ ಸರಿಯಿರಬಹುದು ಮೇಷ್ಟ್ರೇ. ಹದಿನೈದನ್ನು ಹತ್ತು ಮಾಡಿ ಅನ್ನುತ್ತಿದ್ದೀರಿ. ನನಗೆ ಆ ಐದೇ ಕಾಣುವುದು’ ಎಂದಳು. ಇದಕ್ಕೆ ಪ್ರಮೇಯಗಳಲ್ಲಿ ಉತ್ತರವಿಲ್ಲ. ಹುಡುಗನೇ ಹಾಳೆಯನ್ನು ಎತ್ತಿಕೊಂಡು ಒಂದು ವಾರ ತನ್ನ ಬಳಿ ಇಟ್ಟುಕೊಂಡ. ಅವನು ಅಮ್ಮನಿಗೆ ಏನು ಹೇಳಿದನೋ ತಿಳಿಯದು. ಅರ್ಜಿಯ ಮೇಲೆ ಅವಳ ಸಹಿಯು ಎಲ್ಲರಿಗಿಂತ ಕೊನೆಯದಾಗಿ ಬಂದಿತು. ಸಹಿಯ ಪಕ್ಕದಲ್ಲಿ ‘ಹಳೆಯದನ್ನು ಒಡೆದ ದಿನವೇ ಹೊಸದನ್ನು ಕಟ್ಟತಕ್ಕದ್ದು’ ಎಂದು ಷರಾ ಬರೆದಿದ್ದಳು. ಅರ್ಜಿಯಲ್ಲಿದ್ದ ಅತ್ಯಂತ ಉಪಯುಕ್ತ ವಾಕ್ಯ ಅದೇ.

ಎಂಟು ತಿಂಗಳು ಹಿಡಿಯಿತು. ಓಡಾಡಿದ ಕಥೆ ಬೇಡ. ಅದು ಎಲ್ಲರ ಮನೆಯಲ್ಲೂ ಇರುವ ಕಥೆ. ಕಡೆಗೆ ಒಂದು ಬೆಳಿಗ್ಗೆ ಡಾಂಬರಿನ ಗಾಡಿ ಬಂತು, ರೋಲರೂ ಬಂತು. ಆಕಾರವನ್ನು ಪರೀಕ್ಷಿಸಲು ಪ್ಲೈವುಡ್ಡಿನಲ್ಲಿ ಕತ್ತರಿಸಿದ ಅಚ್ಚೊಂದನ್ನು ಮೊದಲೇ ಮಾಡಿಸಿಟ್ಟಿದ್ದೆವು. ಅದನ್ನು ಕಂಡು ಮೇಸ್ತ್ರಿಗೆ ಮೊದಲು ನಗು ಬಂತು, ಬಳಿಕ ಹುರುಪು ಬಂತು. ಎರಡು ಕಡೆ ಹೆಚ್ಚಾದದ್ದನ್ನು ತಾನೇ ಕೆರೆಸಿ ಸರಿಪಡಿಸಿದ. ಆರಿದ ಮೇಲೆ ಹುಡುಗರೆಲ್ಲ ಸೇರಿ ದಾರ ಹಿಡಿದು ಅಳೆದರು. ನಡುವೆ ಹತ್ತೂವರೆ ಸೆಂಟಿಮೀಟರು. ಅರ್ಧ ಸೆಂಟಿಮೀಟರನ್ನು ನಾನು ಕ್ಷಮಿಸಿದೆ. ಹುಡುಗನು ಕ್ಷಮಿಸದೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟ.

ಮುಂದಿನ ಭಾನುವಾರ ನನ್ನ ವಿದ್ಯಾರ್ಥಿಯು ತನ್ನ ಕಾರನ್ನು ತಂದ. ಬೀದಿಯವರೆಲ್ಲ ಗೇಟುಗಳ ಬಳಿ ನಿಂತಿದ್ದರು. ಒಳಗೆ ಪತ್ನಿ, ಇಬ್ಬರು ಮಕ್ಕಳು, ಹಣ್ಣಿನ ಬುಟ್ಟಿ. ಯಾರೂ ಇಳಿಯಲಿಲ್ಲ. ಕಾರು ದೋಣಿಯಂತೆ ಏರಿ ಇಳಿಯಿತು. ಕೆರೆದ ಸದ್ದು ಬರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಹುಡುಗನ ತಾಯಿ ಮುಂದೆ ಬಂದು, ‘ಈಗ ನೀವೊಬ್ಬರೇ ಕೂತು ಜೋರಾಗಿ ಬನ್ನಿ. ನಾನು ನೋಡಬೇಕು’ ಎಂದಳು. ಬೀದಿಯನ್ನು ತೆರವು ಮಾಡಿಸಿ, ಮಕ್ಕಳನ್ನೆಲ್ಲ ಒಳಗೆ ಕಳುಹಿಸಿ, ಅವನು ಗಂಟೆಗೆ ಮೂವತ್ತೈದರ ವೇಗದಲ್ಲಿ ಬಂದ. ಅದಕ್ಕಿಂತ ಹೆಚ್ಚಿಗೆ ಅವನಿಗೆ ಧೈರ್ಯವಾಗಲಿಲ್ಲ. ಗಡುಸು ಸ್ಪ್ರಿಂಗಿನ ಕಾರು; ಅವನ ತಲೆಯು ಮಾಡಿಗೆ ತಗಲಿತು. ಕೆಳಗೆ ಏನೋ ಒಂದು ಠಣ್ ಎಂದಿತು. ಇಳಿದು ಬಗ್ಗಿ ನೋಡುತ್ತಿದ್ದವನನ್ನು ಕಂಡು ಆಕೆ, ‘ಸರಿ, ಸಾಕು’ ಎಂದು ಒಳಗೆ ಹೋದಳು. ಬ್ಯಾಂಕಿನವರ ಮಗಳು ತನ್ನ ಗೇಟಿನಿಂದ ನಕ್ಕಳು. ಆಕೆ ತಿರುಗಿ ನೋಡಿದಳು. ಅಷ್ಟೆ. ಮಾತಾಡಿದರೆಂದು ನಾನು ಕಥೆ ಕಟ್ಟಲಾರೆ. ಸಂಕ್ರಾಂತಿಗೆ ಹುಡುಗನ ಕೈಯಲ್ಲಿ ಎಳ್ಳುಬೆಲ್ಲದ ಪೊಟ್ಟಣವು ರಸ್ತೆ ದಾಟಿತು, ಅತ್ತಲಿಂದ ಸಕ್ಕರೆ ಅಚ್ಚೂ ಬಂತು. ದೊಡ್ಡವರು ಇನ್ನೂ ದಾಟಿಲ್ಲ.

ನನ್ನ ವಿದ್ಯಾರ್ಥಿಯು ಈಗ ಕಾರನ್ನು ನಮ್ಮ ಗೇಟಿನ ಮುಂದೆಯೇ ನಿಲ್ಲಿಸುತ್ತಾನೆ. ಹಳೆಯ ಸ್ಪ್ರಿಂಗುಗಳನ್ನು ಮತ್ತೆ ಹಾಕಿಸಿಕೊಳ್ಳೆಂದು ಪ್ರತಿಬಾರಿಯೂ ಹೇಳುತ್ತೇನೆ. ಅಟ್ಟದ ಮೇಲೆ ಜೋಪಾನವಾಗಿವೆ ಸರ್ ಎನ್ನುತ್ತಾನೆ. ಉಬ್ಬಿನ ಬಿಳಿಪಟ್ಟೆಗಳು ಎರಡು ಮಳೆಗಾಲಕ್ಕೇ ಮಾಸಿಹೋದವು. ಬಣ್ಣಕ್ಕಾಗಿ ಅರ್ಜಿ ಕೊಟ್ಟು ನಾಲ್ಕು ತಿಂಗಳಾಯಿತು. ಕಾಯುವ ತಾಳ್ಮೆ ಬ್ಯಾಂಕಿನವರಿಗೆ ಇಲ್ಲ. ಅವರೇ ಒಂದು ಡಬ್ಬಿ ಬಣ್ಣ, ಎರಡು ಕುಂಚ ತಂದಿಟ್ಟುಕೊಂಡಿದ್ದಾರೆ; ಬಲಗೈಯನ್ನು ಭುಜಕ್ಕಿಂತ ಮೇಲೆತ್ತಲು ಅವರಿಗೆ ಈಗಲೂ ಆಗದು, ಆದರೆ ರಸ್ತೆಗೆ ಬಣ್ಣ ಬಳಿಯಲು ಮೇಲೆತ್ತಬೇಕಾಗಿಲ್ಲವಲ್ಲ. ಮಳೆ ಬಿಟ್ಟ ಮೊದಲ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಕೆಲಸ. ಎರಡನೆಯ ಕುಂಚ ಹುಡುಗನಿಗಂತೆ.